ಲೋಕಲ್ ಗಾಡಿಯ ಮಹಿಳಾ ಡಬ್ಬಾ: ಸೀಟು ಖಾಲಿಯಿದ್ದರೂ ಕೂರಲು ಬಿಡುವುದಿಲ್ಲ, ಏನು ಮಾಡಲಿ?

ಹಾನಗಲ್ಲಿನವಳು ಕೇಳಿದ್ದು:

ನಮಸ್ಕಾರ. ಮುಂಬಯಿಯ ಮಧ್ಯ ರೈಲ್ವೆಯಲ್ಲಿ ಬಹಳ ಕಾಲ ಓಡಾಡಿದವರು, ಅದರಲ್ಲೂ ಹೆಂಗಸರು, ದಯವಿಟ್ಟು ಉತ್ತರಿಸಿ.

ಬ್ಯಾಂಕಿನ ವರ್ಗಾವಣೆಯ ಮೇಲೆ ಈ ಮಳೆಗಾಲದಲ್ಲಿ ಇಲ್ಲಿಗೆ ಬಂದೆ. ಶಾಖೆ ಫೋರ್ಟ್‌ನಲ್ಲಿದೆ, ನನ್ನ ಸಂಬಳಕ್ಕೆ ಸಿಕ್ಕ ಬಾಡಿಗೆ ಮನೆ ಡೊಂಬಿವಲಿ ಪೂರ್ವದಲ್ಲಿದೆ. ಅಲ್ಲಿಂದ ಸಿಎಸ್‌ಎಂಟಿಗೆ, ಅಂದರೆ ಫೋರ್ಟ್ ಬಳಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ, ಸುಮಾರು 48 ಕಿಲೋಮೀಟರ್, ಫಾಸ್ಟ್ ಗಾಡಿಯಲ್ಲೂ ಒಂದು ತಾಸಿನ ಮೇಲಾಗುತ್ತದೆ. ‘ಡೊಂಬಿವಲಿಯಿಂದಲೇ ಹೊರಡುವ ಗಾಡಿ ಹಿಡಿಯಿರಿ, ಖಾಲಿ ಬರುತ್ತದೆ, ಸೀಟು ಸಿಗುತ್ತದೆ’ ಎಂದು ಮನೆಯ ಮಾಲೀಕರು ಹೇಳಿದ್ದರು. ಬರುವ ಗಾಡಿ ಖಾಲಿ ಎಲ್ಲಿಯದು! ಅದಿನ್ನೂ ಪ್ಲಾಟ್‌ಫಾರ್ಮಿಗೆ ಸೇರುವಾಗಲೇ ಮಹಿಳಾ ಡಬ್ಬಾದ ಅರ್ಧಕ್ಕಿಂತ ಹೆಚ್ಚು ಸೀಟು ತುಂಬಿರುತ್ತದೆ. ಉಳಿದ ಸೀಟುಗಳ ಮೇಲೆ ಒಂದು ಕಡೆ ಕರವಸ್ತ್ರ, ಇನ್ನೊಂದು ಕಡೆ ಪರ್ಸು, ಮತ್ತೊಂದು ಕಡೆ ಟಿಫಿನ್ ಚೀಲ. ಕೂರಲು ಹೋದರೆ ‘ಅದು ನಮ್ಮವಳ ಜಾಗ, ಬರುತ್ತಾಳೆ’ ಎಂಬ ಉತ್ತರ.

ಮೊನ್ನೆ ಸಾಕಾಗಿ ಪರ್ಸನ್ನು ಎತ್ತಿ ಒಡತಿಯ ಕೈಗೇ ಕೊಟ್ಟು ಕುಳಿತುಬಿಟ್ಟೆ. ಥಾಣೆ ದಾಟುವವರೆಗೆ ಆರೇಳು ಹೆಂಗಸರು ನನ್ನೆದುರಿಗೇ ನನ್ನನ್ನು ಕುರಿತು ಮಾತಾಡಿಕೊಂಡರು. ನನಗೆ ಬರುವ ಮರಾಠಿ ಅಷ್ಟಕ್ಕಷ್ಟೇ, ಆದರೂ ಒಂದು ಮಾತೂ ತಪ್ಪಿಹೋಗಲಿಲ್ಲ.

ಅವರಿಗಿರುವ ಪಾಸೇ ನನಗೂ ಇದೆ. ಇದು ರೈಲ್ವೆಯ ನಿಯಮವೇ, ಊರಿನ ಪದ್ಧತಿಯೇ ಅಥವಾ ಬರೀ ದಬ್ಬಾಳಿಕೆಯೇ? ದೂರು ಕೊಟ್ಟರೆ ಏನಾದರೂ ಆಗುತ್ತದೆಯೇ? ಇನ್ನೊಂದು ಸಂಶಯ: ಡಬ್ಬಾದೊಳಗೆ ಕಾಲಿಟ್ಟವರೆಲ್ಲ ಕುಳಿತವರನ್ನು ‘ಕಹಾಂ ಉತರೋಗೆ?’ (ಎಲ್ಲಿ ಇಳಿಯುತ್ತೀರಿ?) ಎಂದು ಕೇಳುತ್ತಾ ಹೋಗುತ್ತಾರಲ್ಲ, ಅದೇನು ಲೆಕ್ಕ?

ಬೊರಿವಲಿ ವಾಸಿ:

ಫಸ್ಟ್ ಕ್ಲಾಸ್ ಪಾಸ್ ಮಾಡಿಸಿಕೊಳ್ಳಿ, ಇಲ್ಲವಾದರೆ ಎ.ಸಿ. ಲೋಕಲ್‌ನಲ್ಲಿ ಹೋಗಿ. ಬ್ಯಾಂಕಿನವರಿಗೆ ಅದೇನು ಭಾರವಲ್ಲ. ಸೆಕೆಂಡ್ ಕ್ಲಾಸ್ ಡಬ್ಬಾದ ರಾಜಕೀಯಕ್ಕೆ ಸಿಕ್ಕಿಕೊಂಡರೆ ಹೊರಬರುವುದು ಕಷ್ಟ.

ಕಟಪಾಡಿ–ಕಲ್ಯಾಣ್:

ಬೊರಿವಲಿಯವರೇ, ನೀವು ಪಶ್ಚಿಮ ರೈಲ್ವೆಯವರು, ಜೊತೆಗೆ ಗಂಡಸರು. ನಮ್ಮ ಮಾರ್ಗದಲ್ಲಿ ಬೆಳಗಿನ ಹೊತ್ತು ಫಸ್ಟ್ ಕ್ಲಾಸ್ ಹತ್ತಿದರೂ ನಿಂತುಕೊಂಡೇ ಹೋಗಬೇಕು. ಮೆತ್ತನೆಯ ಸೀಟಿನ ಪಕ್ಕದಲ್ಲಿ ನಿಂತೆ ಎನ್ನುವ ಸಮಾಧಾನಕ್ಕೆ ಅಷ್ಟು ದುಡ್ಡು ಯಾಕೆ? ಎ.ಸಿ. ಗಾಡಿಯೋ, ನಮಗೆ ಬೇಕಾದ ಹೊತ್ತಿಗೆ ಇದ್ದರೆ ತಾನೇ.

ತಂಗಿ, ನಾನು ಮದುವೆಯಾಗಿ ಕಟಪಾಡಿಯಿಂದ ಕಲ್ಯಾಣಕ್ಕೆ ಬಂದವಳು, ನಿವೃತ್ತಿಯವರೆಗೂ ಮಸ್ಜಿದ್ ಬಂದರ್‌ನ ಒಂದು ಕಚೇರಿಗೆ ಓಡಾಡಿದವಳು. ನಿಮ್ಮ ಪ್ರಶ್ನೆಯಲ್ಲಿ ಬೇರೆ ಬೇರೆ ಸಂಗತಿಗಳು ಒಂದೇ ಗಂಟಾಗಿವೆ, ಮೊದಲು ಅವನ್ನು ಬಿಡಿಸೋಣ.

ಗಾಡಿ ತುಂಬಿಕೊಂಡೇ ಬರುವುದು ಏಕೆ? ಅದರಲ್ಲಿರುವವರು ಬಹುಮಟ್ಟಿಗೆ ದಿವಾ, ಕೋಪರ್, ಮುಂಬ್ರಾ ಕಡೆಯವರು. ಮುಂಬಯಿಗೆ ಹೋಗಬೇಕಾದವರು ಮೊದಲು ಹಿಂದಕ್ಕೆ ಡೊಂಬಿವಲಿಗೆ ಬಂದು, ಅದೇ ಗಾಡಿಯಲ್ಲಿ ಕುಳಿತು ವಾಪಸು ಹೋಗುತ್ತಾರೆ. ಇದಕ್ಕೆ ‘ರಿಟರ್ನ್ ಬರುವುದು’ ಎನ್ನುತ್ತಾರೆ. ಹುಚ್ಚಾಟದಂತೆ ಕಾಣುತ್ತದೆ, ನಿಜ. ಆದರೆ ಒಂದು ಬೆಳಿಗ್ಗೆ ದಿವಾ ಸ್ಟೇಷನ್ನಿನಲ್ಲಿ ನಿಂತು ನೋಡಿ. ಕಲ್ಯಾಣ್, ಡೊಂಬಿವಲಿಗಳಲ್ಲಿ ತುಂಬಿದ ಗಾಡಿ ಬಂದು ನಿಂತಾಗ ಬಾಗಿಲಲ್ಲಿ ಇರುವವರು ಒಂದಿಂಚೂ ಸರಿಯುವುದಿಲ್ಲ. ದಿವಾದವರಿಗೆ ಸೀಟು ಹಾಗಿರಲಿ, ಕಾಲಿಡಲೂ ಜಾಗ ಸಿಗುವುದಿಲ್ಲ. 2015ರ ಜನವರಿಯಲ್ಲಿ ಅಲ್ಲಿ ಹಳಿಗೆ ಇಳಿದು ಗಾಡಿ ತಡೆದು ಕಲ್ಲು ತೂರಿ, ಇಡೀ ಮಾರ್ಗ ನಿಂತುಹೋಗಿತ್ತು. ನಮ್ಮ ಊರಿನಿಂದ ಹೊರಡುವ ಗಾಡಿ ಕೊಡಿ ಎಂದು ಅವರು ಕೇಳುತ್ತಲೇ ಬಂದಿದ್ದಾರೆ. ಆದ್ದರಿಂದ ರಿಟರ್ನ್ ಬಂದು ಕುಳಿತವರ ಮೇಲೆ ನಿಮ್ಮ ಸಿಟ್ಟು ಬೇಡ. ಅವರು ಆ ಸೀಟಿಗಾಗಿ ನಿಮಗಿಂತ ಮೊದಲು ಎದ್ದಿದ್ದಾರೆ.

‘ಕಹಾಂ ಉತರೋಗೆ’ ಎಂದು ಕೇಳುವುದೇ ನಮ್ಮ ಡಬ್ಬಾದ ರಿಸರ್ವೇಶನ್ ಕೌಂಟರ್. ಕುಳಿತವಳು ‘ಘಾಟ್ಕೋಪರ್’ ಎಂದರೆ, ಕೇಳಿದವಳಿಗೆ ಘಾಟ್ಕೋಪರ್‌ನಿಂದ ಆ ಸೀಟು. ಆಮೇಲೆ ಬಂದು ಕೇಳಿದವರಿಗೆ ಕುಳಿತವಳೇ ‘ಕೊಟ್ಟಾಗಿದೆ’ ಎಂದು ಹೇಳಿ, ಮೊದಲು ಕೇಳಿದವಳತ್ತ ಬೆರಳು ತೋರಿಸುತ್ತಾಳೆ. ಬರಹವಿಲ್ಲ, ರಸೀದಿಯಿಲ್ಲ, ಆದರೂ ಈ ಮಾತಿಗೆ ತಪ್ಪಿದವರನ್ನು ನಾನು ಕಂಡದ್ದು ಅಪರೂಪ. ಹಾಗೆಯೇ ಮೂವರ ಬೆಂಚಿನಲ್ಲಿ ತುದಿಗೆ ನಾಲ್ಕನೆಯವಳು ಅರ್ಧ ಕೂರುತ್ತಾಳಲ್ಲ, ಆ ‘ಚೌಥಿ ಸೀಟ್’ ಕೇಳುವುದು ನಿಮ್ಮ ಹಕ್ಕು. ‘ಜರಾ ಸರಕಾ’ ಎಂದರೆ ಮುಖ ಗಂಟಿಕ್ಕಿಕೊಂಡಾದರೂ ಸರಿಯುತ್ತಾರೆ. ಕಿಟಕಿ ಪಕ್ಕದವಳು ಇಳಿದಾಗ ಒಬ್ಬೊಬ್ಬರಾಗಿ ಒಳಗೆ ಜರುಗಬೇಕು. ನಡುವೆ ಹಾರಿ ಕಿಟಕಿಗೆ ಹೋಗಿ ಕುಳಿತಿರೋ, ಮುಗಿಯಿತು ನಿಮ್ಮ ಕಥೆ.

ಕರವಸ್ತ್ರ, ಪರ್ಸಿನ ವಿಷಯಕ್ಕೆ ಬಂದರೆ, ಅದು ದಬ್ಬಾಳಿಕೆಯೇ. ಅದಕ್ಕೆ ನಾನು ಬೇರೆ ಹೆಸರು ಕೊಡುವುದಿಲ್ಲ. ಲೋಕಲ್‌ನಲ್ಲಿ ಯಾರಿಗೂ ಯಾವ ಸೀಟೂ ಕಾಯ್ದಿರಿಸಿದ್ದಲ್ಲ. ಪಾಸು ಪ್ರಯಾಣಕ್ಕೆ ಕೊಟ್ಟದ್ದು, ಗೆಳತಿಗೆ ಜಾಗ ಹಿಡಿಯುವುದಕ್ಕಲ್ಲ. ನಿಂತು ಕೇಳಿದವಳಿಗೆ ಇಳಿಯುವವಳು ಕೊಡುವ ಸೀಟು ಬೇರೆ, ಇನ್ನೂ ಸ್ಟೇಷನ್ನಿಗೇ ಬಾರದವಳಿಗೆ ಚೀಲ ಇಟ್ಟು ಕಾಯುವ ಸೀಟು ಬೇರೆ. ಪದ್ಧತಿ ಎಂಬ ಹೆಸರಿನಲ್ಲಿ ಈ ಎರಡನ್ನೂ ಸೇರಿಸಿ ಸಮರ್ಥಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ದೂರು ಕೊಡಬಹುದು, 139ಕ್ಕೆ ಕರೆ ಮಾಡಿ. ಪೊಲೀಸರು ಬರುತ್ತಾರೆ, ಒಂದೆರಡು ದಿನ ಪರ್ಸುಗಳು ತೊಡೆಯ ಮೇಲಿರುತ್ತವೆ. ಮೂರನೆಯ ದಿನ ಅದೇ ಡಬ್ಬಾದಲ್ಲಿ ನೀವು ಒಬ್ಬರೇ, ಅವರು ಹತ್ತು ಜನ. ಹೊಡೆದಾಟವಂತೂ ಬೇಡವೇ ಬೇಡ. 2022ರ ಅಕ್ಟೋಬರ್‌ನಲ್ಲಿ ಥಾಣೆ–ಪನ್ವೇಲ್ ಲೋಕಲ್‌ನ ಮಹಿಳಾ ಡಬ್ಬಾದಲ್ಲಿ ಒಂದು ಸೀಟಿಗೆ ಕೂದಲು ಹಿಡಿದು ಜಗಳವಾಗಿ, ಬಿಡಿಸಲು ಹೋದ ಮಹಿಳಾ ಪೊಲೀಸರಿಗೂ ಪೆಟ್ಟಾಯಿತು. ಆ ವಿಡಿಯೊ ದೇಶವೆಲ್ಲ ನೋಡಿತು.

ನಾನು ಹೇಳುವ ಉಪಾಯ ಇಷ್ಟೇ. ಪರ್ಸಿನ ಸಾಲು ಬಿಟ್ಟುಬಿಡಿ. ದಿನಾ ಒಂದೇ ಗಾಡಿ, ಒಂದೇ ಬಾಗಿಲು ಹಿಡಿಯಿರಿ. ಹತ್ತಿದ ಕೂಡಲೇ ಕೇಳಿ, ಆದರೆ ಯಾರನ್ನು ಕೇಳಬೇಕೆಂದು ನೋಡಿ ಕೇಳಿ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯರು ಥಾಣೆಯಲ್ಲಿ ಇಳಿದು ಐರೋಲಿ ಕಡೆಗೋ, ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೊ ಹಿಡಿದು ಅಂಧೇರಿ ಕಡೆಗೋ ಹೋಗುವವರು. 2014ರಲ್ಲಿ ಆ ಮೆಟ್ರೊ ಆದ ಮೇಲೆ ಘಾಟ್ಕೋಪರ್‌ನಲ್ಲಿ ಡಬ್ಬಾ ಎಷ್ಟೋ ಹಗುರವಾಗುತ್ತದೆ. ನಿಮ್ಮಂಥ ಬ್ಯಾಂಕಿನವರನ್ನು, ಕೋರ್ಟು, ಮಂತ್ರಾಲಯಕ್ಕೆ (ಇಲ್ಲಿನ ಸರ್ಕಾರದ ಸಚಿವಾಲಯ) ಹೋಗುವವರನ್ನು ಕೇಳಿ ಉಪಯೋಗವಿಲ್ಲ, ಅವರು ಕೊನೆಯವರೆಗೂ ಏಳುವುದಿಲ್ಲ.

ಇನ್ನು ಆ ಗುಂಪಿನವರ ಬಗ್ಗೆ. ಅವರನ್ನು ಹೊಗಳಬೇಕೆಂದು ಹೇಳುತ್ತಿಲ್ಲ. ಆದರೆ ನಮ್ಮ ಗುಂಪಿನಲ್ಲಿ ಭಿಶಿ ನಡೆಯುತ್ತಿತ್ತು, ಅಂದರೆ ತಿಂಗಳ ಚೀಟಿ. ಮನೆಯ ವಿಳಾಸವೂ ಗೊತ್ತಿಲ್ಲದ ಹೆಂಗಸರ ಕೈಗೆ ಸಂಬಳದ ಪಾಲು ಕೊಡುತ್ತಿದ್ದೆವು, ಒಂದು ರೂಪಾಯಿ ವ್ಯತ್ಯಾಸವಾಗಲಿಲ್ಲ. ಸಂಜೆ ಗಾಡಿಯಲ್ಲೇ ಬಟಾಣಿ ಸುಲಿದು, ಗೋರಿಕಾಯಿ ಮುರಿದು ಮನೆಗೆ ಹೋಗುತ್ತಿದ್ದೆವು. ಅದೇ ಹೆಂಗಸರು ಹೊಸಬಳೊಬ್ಬಳು ಬಂದರೆ ಪರೀಕ್ಷೆ ಮಾಡದೆ ಬಿಡುತ್ತಿರಲಿಲ್ಲ. ನವರಾತ್ರಿ ಬರಲಿ. ಪತ್ರಿಕೆಯಲ್ಲಿ ಒಂಬತ್ತು ದಿನದ ಒಂಬತ್ತು ಬಣ್ಣದ ಪಟ್ಟಿ ಬರುತ್ತದೆ, ಆಯಾ ದಿನದ ಬಣ್ಣದ ಸೀರೆಯೋ ಕುರ್ತಾವೋ ಉಟ್ಟು ಹತ್ತಿ. ಡಬ್ಬಾದ ಪೂಜೆಗೆ ವಂತಿಗೆ ಕೇಳಿದರೆ ಕೊಡಿ. ಆಮೇಲೆ ನೋಡಿ.

ಪರೇಲ್ ಚಾಳ್:

ಕಟಪಾಡಿ ಅಕ್ಕನ ಅನುಭವಕ್ಕೆ ಗೌರವವಿದೆ. ಆದರೆ ಬಣ್ಣದ ಸೀರೆ ಉಟ್ಟು ಗುಂಪಿಗೆ ಸೇರಿಕೊಳ್ಳಿ ಎನ್ನುವುದು ನನಗೆ ಸಮಾಧಾನ ತರಲಿಲ್ಲ. ಸೇರಿಕೊಂಡ ಮೇಲೆ ಮುಂದಿನ ಹೊಸಬಳು ಕೂರದಂತೆ ಇವರೇ ಪರ್ಸ್ ಇಡುವುದಿಲ್ಲವೇ?

ನನ್ನ ಅಪ್ಪ ವಿಜಯಪುರದ ಕಡೆಯಿಂದ ಬಂದು ಪರೇಲ್‌ನ ಗಿರಣಿಗೆ ಸೇರಿದವರು. ಚಾಳ್‌ನಲ್ಲಿ ಒಂದೇ ಖೋಲಿ, ಸಾಲಿಗೆಲ್ಲ ಸೇರಿ ಒಂದೇ ಕಡೆ ಶೌಚಾಲಯ. ಆದರೆ ಗಿರಣಿಯ ಭೋಂಗಾ (ಸೈರನ್) ಕೂಗಿದ ಮೇಲೆ ಮನೆಯಿಂದ ಹೊರಟರೂ ನಡೆದುಕೊಂಡೇ ಪಾಳಿಗೆ ಮುಟ್ಟುತ್ತಿದ್ದರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಇಳಿದರು, ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದಲ್ಲಿ ಗಾಜಿನ ಕಟ್ಟಡಗಳು ಎದ್ದವು. ಅಂಥದ್ದೊಂದು ಕಟ್ಟಡದಲ್ಲಿ ನಾನು ಲೆಕ್ಕ ಬರೆಯುತ್ತೇನೆ, ಮನೆ ಅಂಬರನಾಥದಲ್ಲಿ. ಅಪ್ಪ ನಡೆದು ಹೋಗುತ್ತಿದ್ದ ಜಾಗಕ್ಕೆ ನಾನು ಗಾಡಿಯ ಬಾಗಿಲಲ್ಲಿ ನೇತಾಡಿಕೊಂಡು ಹೋಗುತ್ತೇನೆ.

ಜನಗಣತಿ ನೋಡಿ. 2001ರಿಂದ 2011ರ ನಡುವೆ ದ್ವೀಪದ ಹಳೆಯ ಮುಂಬಯಿಯ ಜನಸಂಖ್ಯೆ 33.4 ಲಕ್ಷದಿಂದ 30.9 ಲಕ್ಷಕ್ಕೆ ಇಳಿಯಿತು. ಅದೇ ಹತ್ತು ವರ್ಷದಲ್ಲಿ ಥಾಣೆ ಜಿಲ್ಲೆ 81 ಲಕ್ಷದಿಂದ 1.1 ಕೋಟಿಗೆ ಏರಿತು. ಮನೆಗಳು ಹೊರಗೆ ಹೋದವು, ಕೆಲಸಗಳು ಅಲ್ಲೇ ಉಳಿದವು. ಒಂಬತ್ತು ಬೋಗಿಯ ಗಾಡಿಗಳಿದ್ದ ಕಾಲಕ್ಕೆ ಒಂದು ಗಾಡಿಗೆ ಲೆಕ್ಕದಲ್ಲಿ 1,700ರಷ್ಟು ಜನ, ಬೆಳಿಗ್ಗೆ ತುಂಬುತ್ತಿದ್ದುದು 4,500. ರೈಲ್ವೆಯವರು ಇದಕ್ಕೆ ‘ಸೂಪರ್ ಡೆನ್ಸ್ ಕ್ರಷ್ ಲೋಡ್’ ಎಂದು ಹೆಸರನ್ನೂ ಇಟ್ಟಿದ್ದಾರೆ: ಒಂದು ಚದರ ಮೀಟರಿನಲ್ಲಿ ನಿಂತವರು 14ರಿಂದ 16 ಮಂದಿ. ಹೆಸರಿಟ್ಟ ಮೇಲೆ ಅದು ಮಾಮೂಲಾಗಿಬಿಡುತ್ತದೆ.

ಹಳಿ ದಾಟುವಾಗ, ಗಾಡಿಯಿಂದ ಬಿದ್ದು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಿರಿದಾದ ಪಾದಚಾರಿ ಸೇತುವೆಯ ಮೇಲೆ ಕಾಲ್ತುಳಿತಕ್ಕೆ 23 ಜನ ಸತ್ತರು. ಗಿರಣಿಗಳ ಕಾಲಕ್ಕೆ ಸಾಕಾಗಿದ್ದ ಸ್ಟೇಷನ್ನು ಗಾಜಿನ ಕಟ್ಟಡಗಳ ಕಾಲಕ್ಕೆ ಸಾಕಾಗಲಿಲ್ಲ, ಅಷ್ಟೇ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಎರಡು ಗಾಡಿಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು. ಹೊಸ ಗಾಡಿಗಳಿಗೆಲ್ಲ ತಾನಾಗಿ ಮುಚ್ಚುವ ಬಾಗಿಲು ಇಡುತ್ತೇವೆ ಎಂದರು. ಇಡಲಿ. ಬಾಗಿಲ ಹೊರಗೆ ನೇತಾಡುತ್ತಿದ್ದವರು ಆಗ ಎಲ್ಲಿ ನಿಲ್ಲಬೇಕು ಎಂಬುದನ್ನೂ ಹೇಳಲಿ.

ಎ.ಸಿ. ಲೋಕಲ್ ಹಿಡಿಯಿರಿ ಎಂದ ಬೊರಿವಲಿಯವರಿಗೆ: ಆ ಗಾಡಿಗಳು ಸಾಮಾನ್ಯ ಗಾಡಿಗಳ ಹೊತ್ತನ್ನು ನುಂಗುತ್ತಿವೆ ಎಂದೇ 2022ರ ಆಗಸ್ಟ್‌ನಲ್ಲಿ ಕಳವಾ, ಬದ್ಲಾಪುರಗಳಲ್ಲಿ ಜನ ಪ್ರತಿಭಟಿಸಿದ್ದು.

ಕಟಪಾಡಿ–ಕಲ್ಯಾಣ್:

ತಮ್ಮಾ, ನೀವು ಹೇಳಿದ್ದರಲ್ಲಿ ಒಂದಕ್ಷರವನ್ನೂ ಅಲ್ಲಗಳೆಯುವುದಿಲ್ಲ. ಮುಂದಿನ ಹೊಸಬಳಿಗೆ ಇವರೇ ಪರ್ಸ್ ಇಡುತ್ತಾರೆಯೇ ಎಂದಿರಿ, ಬಹುಶಃ ಇಡುತ್ತಾರೆ. ಆದರೆ ಜನಗಣತಿ ಓದಿಕೊಂಡು ಆಕೆಗೆ ನಾಳೆ ಸೀಟು ಸಿಗುವುದಿಲ್ಲ. ಒಂದು ಮಾತು ನೀವು ಬಿಟ್ಟಿರಿ: ಎಲ್ಲ ಕಚೇರಿಗಳೂ ಒಂದೇ ಹೊತ್ತಿಗೆ ಯಾಕೆ ಬಾಗಿಲು ತೆರೆಯಬೇಕು? ಸಮಯ ಬದಲಿಸಿ ಎಂದು ಮಧ್ಯ ರೈಲ್ವೆಯೇ ಕಚೇರಿಗಳನ್ನು ಕೇಳಿಕೊಂಡಿದೆ. ಆ ತಂಗಿ ತನ್ನ ಮ್ಯಾನೇಜರನ್ನು ಅರ್ಧ ಗಂಟೆಗೆ ಕೇಳಿ ನೋಡಲಿ.

ಹಾನಗಲ್ಲಿನವಳು:

ಎಲ್ಲರಿಗೂ ಧನ್ಯವಾದ. ಮ್ಯಾನೇಜರು ಅರ್ಧ ಗಂಟೆಗೆ ಒಪ್ಪಲಿಲ್ಲ. ಹತ್ತು ಗಂಟೆಗೆ ಗ್ರಾಹಕರು ಬಂದು ನಿಂತಿರುತ್ತಾರೆ, ಅವರ ಮಾತಿನಲ್ಲೂ ನ್ಯಾಯವಿದೆ. ಅಕ್ಕ ಹೇಳಿದಂತೆ ಗುರುತಿನ ಚೀಟಿಯ ಹುಡುಗಿಯೊಬ್ಬಳನ್ನು ಕೇಳಿದೆ. ಐರೋಲಿಗೆ ಹೋಗುವವಳು, ಥಾಣೆಯಲ್ಲಿ ಎದ್ದು ಕರೆದು ಕೂರಿಸಿದಳು. ಪರ್ಸಿನ ಸಾಲಿನವರು ಈಗಲೂ ನನ್ನನ್ನು ನೋಡುವ ನೋಟ ಬದಲಾಗಿಲ್ಲ. ಪರೇಲ್‌ನವರ ಮಾತು ಓದಿದ ಮೇಲೆ ಅವರಿಗಾಗಿ ಸೀರೆ ಉಡುವ ಮನಸ್ಸೂ ಇಲ್ಲ.

ಸಂಜೆಯದು ಇನ್ನೊಂದು ತೊಡಕು. ಸಿಎಸ್‌ಎಂಟಿಯಲ್ಲಿ ಬೋರ್ಡಿನ ಮೇಲೆ ‘ಎಸ್’ ಎಂದು ಬಂದ ಗಾಡಿ ಹತ್ತಿದ್ದಕ್ಕೆ ‘ಡೊಂಬಿವಲಿಯವಳು ಇದರಲ್ಲಿ ಯಾಕೆ’ ಎಂದು ಗದರಿದರು. ಫಾಸ್ಟ್ ಗಾಡಿ, ಡೊಂಬಿವಲಿಯಲ್ಲಿ ನಿಲ್ಲುತ್ತದಲ್ಲ?

ಕಟಪಾಡಿ–ಕಲ್ಯಾಣ್:

ನಿಲ್ಲುತ್ತದೆ, ಹತ್ತುವ ಹಕ್ಕೂ ಇದೆ. ‘ಎಸ್’ ಎಂದರೆ ಕರ್ಜತ್, ‘ಎನ್’ ಎಂದರೆ ಕಸಾರಾ. ಅವು ಸುಮಾರು ಎರಡು ತಾಸು ಹೋಗುವ ಗಾಡಿಗಳು, ಇಡೀ ಸಂಜೆಗೆ ಆ ಕಡೆಯವರಿಗಿರುವುದೇ ಕೆಲವು. ನಾವು ತುಂಬಿಕೊಂಡರೆ ಅವರು ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಡೊಂಬಿವಲಿ ಗಾಡಿಯನ್ನೋ ‘ಕೆ’ ಎಂದಿರುವ ಕಲ್ಯಾಣ್ ಗಾಡಿಯನ್ನೋ ಹಿಡಿಯಿರಿ, ಸ್ವಲ್ಪ ತಡವಾದರೂ ಪರವಾಗಿಲ್ಲ. ಗಾಡಿ ಬರುವಾಗ ಉಳಿದವರು ಓಡುವ ಬಾಗಿಲಿಗೆ ಹಾರುತ್ತಾರೆ, ನೀವು ಹಾರಬೇಡಿ. ನಿಂತ ಮೇಲೆ ಹತ್ತಿ, ಒಳಗೆ ಹೋಗಿ ಕೇಳಿ. ದಾದರ್‌ನಲ್ಲಿ ಇಳಿಯುವವರು ಸಂಜೆಯೂ ಇರುತ್ತಾರೆ.