ಜಿಮ್‌ಗೆ ಮುನ್ನ ಚುಚ್ಚಿಕೊಳ್ಳುವ ಮೆಫೆಂಟರ್ಮಿನ್: ತಮ್ಮನ ಹೃದಯಕ್ಕೆ ಅಪಾಯವಿದೆಯೇ?

ಪ್ರಶ್ನೆ (ಮೈಸೂರಿನಿಂದ ಒಬ್ಬ ಅಕ್ಕ)

ನನ್ನ ತಮ್ಮನಿಗೆ 23 ವರ್ಷ. ಜಿಮ್‌ಗೆ ಹೋಗುವ ಮುನ್ನ ಅವನು ಮೆಫೆಂಟರ್ಮಿನ್ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಿದ್ದಾನೆ ಎಂಬುದು, ಕಳೆದ ವಾರ ಅವನ ಬ್ಯಾಗಿನಲ್ಲಿ ಖಾಲಿ ಬಾಟಲಿಗಳು ಸಿಕ್ಕಾಗ ನಮಗೆ ತಿಳಿಯಿತು. ಎದೆ ಡವಡವ ಎನ್ನುತ್ತದೆ, ನಿದ್ದೆ ಬರುವುದಿಲ್ಲ ಎಂದು ಎರಡು ತಿಂಗಳಿಂದ ಹೇಳುತ್ತಿದ್ದ. ವ್ಯಾಯಾಮದ ದಣಿವಿರಬೇಕೆಂದು ನಾವು ಸುಮ್ಮನಿದ್ದೆವು. ಇದು ಆಸ್ಪತ್ರೆಯಲ್ಲೇ ಕೊಡುವ ಔಷಧ, ಡ್ರಗ್ಸ್ ಅಲ್ಲ ಎಂಬುದು ಅವನ ವಾದ. ಇಷ್ಟು ಗಟ್ಟಿಮುಟ್ಟಾದ ಹುಡುಗನ ಹೃದಯಕ್ಕೂ ಹಾನಿಯಾಗಬಹುದೇ?

ಉತ್ತರ 1 (ವೈದ್ಯರು)

ಆಗಬಹುದು. ಬೆನ್ನಿಗೆ ಅರಿವಳಿಕೆ ಕೊಟ್ಟಾಗ ರೋಗಿಯ ರಕ್ತದೊತ್ತಡ ಕುಸಿದರೆ, ಅದನ್ನು ಮೇಲೆತ್ತಲು ಅರಿವಳಿಕೆ ತಜ್ಞರು ಮಾನಿಟರ್ ನೋಡುತ್ತಲೇ ಕೊಡುವ ಔಷಧವಿದು. ರಚನೆಯಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಮಾದಕಕ್ಕೆ ಹತ್ತಿರವಾದ ಇದು, ನರಗಳ ತುದಿಯಲ್ಲಿ ಸಂಗ್ರಹವಾಗಿರುವ, ರಕ್ತನಾಳಗಳನ್ನು ಬಿಗಿದು ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಹೊರಬರುವಂತೆ ಮಾಡುತ್ತದೆ. ಭಾರ ಎತ್ತುವಾಗ ತಾನಾಗಿಯೇ ಏರುವ ರಕ್ತದೊತ್ತಡದ ಮೇಲೆ ಔಷಧದ ಒತ್ತಡವೂ ಸೇರಿದರೆ, ಹೃದಯದ ಸ್ನಾಯುವಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಅದನ್ನು ತಲುಪಿಸಬೇಕಾದ ಕೊರೊನರಿ ರಕ್ತನಾಳಗಳು ಅದೇ ಹೊತ್ತಿಗೆ ಬಿಗಿದುಕೊಳ್ಳಲೂಬಹುದು.

ಉತ್ತೇಜಕಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಕೊಕೇನ್. ಅದನ್ನು ಸೇವಿಸಿದ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು 24 ಪಟ್ಟು ಹೆಚ್ಚುತ್ತದೆ ಎಂದು 1999ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಗಟ್ಟಿಮುಟ್ಟು ಎಂದಿರಲ್ಲ, 1986ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಆಯ್ಕೆಯಾದ ಎರಡೇ ದಿನಕ್ಕೆ ಕೊಕೇನ್‌ನಿಂದ ಹೃದಯದ ಲಯ ತಪ್ಪಿ ತೀರಿಕೊಂಡ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆನ್ ಬಯಾಸ್‌ಗೆ ಕೇವಲ 22 ವರ್ಷ.

ದೀರ್ಘಕಾಲದ ಬಳಕೆಯ ಹಾನಿ ಇನ್ನೊಂದು ಬಗೆಯದು. ಆಂಫೆಟಮಿನ್ ಗುಂಪಿನದೇ ಆದ ಮೆಥಾಂಫೆಟಮಿನ್ ಬಳಸುವವರಲ್ಲಿ ಹೃದಯ ಹಿಗ್ಗಿ, ಪಂಪ್ ಮಾಡುವ ಶಕ್ತಿ ಕುಗ್ಗುವುದನ್ನು ವೈದ್ಯರು ಚೆನ್ನಾಗಿ ಬಲ್ಲರು. ಬೇಗ ಬಿಟ್ಟವರಲ್ಲಿ ಹಲವರ ಹೃದಯ ಚೇತರಿಸಿಕೊಳ್ಳುತ್ತದೆ ಎಂಬುದು ನಿಮ್ಮ ತಮ್ಮನಿಗೆ ಹೇಳಲೇಬೇಕಾದ ಮಾತು. ತಡಮಾಡದೆ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ.

ಉತ್ತರ 2 (ತುರ್ತು ಚಿಕಿತ್ಸಾ ವಿಭಾಗದ ನರ್ಸ್)

ಎದೆನೋವು ಬಂದರೆ 108ಕ್ಕೆ ಕರೆ ಮಾಡಿ, ಮತ್ತು ಏನು ತೆಗೆದುಕೊಂಡಿದ್ದಾನೆ ಎಂಬುದನ್ನು ಮುಚ್ಚಿಡದೆ ಹೇಳಿ. ಇದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ: ಹೃದಯ ಬಡಿತ ತಗ್ಗಿಸಲು ಸಾಮಾನ್ಯವಾಗಿ ಕೊಡುವ ಬೀಟಾ ಬ್ಲಾಕರ್‌ಗಳನ್ನು, ಕೊಕೇನ್‌ನಂತಹ ಉತ್ತೇಜಕದ ಅಮಲು ಇಳಿಯದವರಿಗೆ ಕೊಡಲು ವೈದ್ಯರು ಹಿಂಜರಿಯುತ್ತಾರೆ, ಏಕೆಂದರೆ ರಕ್ತನಾಳಗಳು ಇನ್ನಷ್ಟು ಬಿಗಿಯುವ ಭಯವಿದೆ. ಮನೆಯವರು ನಾಚಿಕೆಯಿಂದ ಸುಮ್ಮನಿದ್ದು, ಕಾರಣ ಹುಡುಕುವುದರಲ್ಲೇ ಅಮೂಲ್ಯವಾದ ಹೊತ್ತು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ತಮ್ಮನಿಗೇ ಓದಲು ಕೊಟ್ಟೆ. ಗುರುವಾರ ಎಕೋ ಮಾಡಿಸಲು ಒಪ್ಪಿದ್ದಾನೆ, ಆದರೆ ಅಲ್ಲಿಯವರೆಗೆ ಇಂಜೆಕ್ಷನ್ ಇಲ್ಲದೆ ಜಿಮ್‌ಗೆ ಹೋಗಬಹುದೇ ಎಂದು ಕೇಳುತ್ತಿದ್ದಾನೆ.

ಉತ್ತರ 1 (ವೈದ್ಯರು)

ಬೇಡ. ವರದಿ ನೋಡಿ ವೈದ್ಯರು ಹೇಳುವವರೆಗೆ ಭಾರ ಎತ್ತುವುದೂ ಬೇಡ, ಓಡುವುದೂ ಬೇಡ. ಬಿಟ್ಟ ಮೇಲೆ ಕೆಲವು ದಿನ ಮೈ ಸೋತಂತೆ, ಮನಸ್ಸು ಕುಗ್ಗಿದಂತೆ ಆಗಬಹುದು. ಆಗ ಅವನನ್ನು ಒಬ್ಬನನ್ನೇ ಬಿಡಬೇಡಿ. ವ್ಯಸನ ಬಿಡಿಸುವ ನೆರವಿಗೆ 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.