ಸವರುವಾಗ ಬೆಕ್ಕು ಕಚ್ಚುವುದೇಕೆ? ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಎರಡು ವರ್ಷದ ಗಂಡುಬೆಕ್ಕು, ಸಂತಾನಹರಣ ಆಪರೇಷನ್ ಆಗಿದೆ. ತಾನೇ ಬಂದು ತೊಡೆ ಮೇಲೆ ಕೂರುತ್ತದೆ, ಗೊರಗೊರ ಅನ್ನುತ್ತದೆ. ಐದು ನಿಮಿಷ ಸವರಿದರೆ ಇದ್ದಕ್ಕಿದ್ದಂತೆ ಕೈ ಹಿಡಿದು ಕಚ್ಚುತ್ತದೆ. ಇದು ಪ್ರೀತಿಯೋ, ಸಿಟ್ಟೋ?

ಪಶುವೈದ್ಯರು: ಎರಡೂ ಅಲ್ಲ. ಅದಕ್ಕೆ ಸಾಕಾಗಿದೆ, ಅಷ್ಟೆ. ‘ಇದ್ದಕ್ಕಿದ್ದಂತೆ’ ಅನ್ನುವುದನ್ನು ಮಾತ್ರ ಒಪ್ಪಲಾರೆ. ಬಾಯಿ ಹಾಕುವ ಮೊದಲು ಬೆಕ್ಕು ನಾಲ್ಕೈದು ಸಲ ಹೇಳಿರುತ್ತದೆ. ನಮ್ಮ ಕೈ ಅದರ ಮೇಲಿದ್ದರೂ ಕಣ್ಣು ಫೋನಿನ ಮೇಲಿರುತ್ತದೆ. ಮೊದಲು ಬಾಲದ ತುದಿ ಮಾತ್ರ ಅಲುಗುತ್ತದೆ. ಆಮೇಲೆ ನೊಣ ಕೂತಾಗ ಹಸು ಮೈ ಅದುರಿಸುತ್ತದಲ್ಲ, ಹಾಗೆ ಬೆನ್ನಿನ ಚರ್ಮ ಅದುರುತ್ತದೆ. ಕಿವಿಗಳು ಪಕ್ಕಕ್ಕೆ ತಿರುಗುತ್ತವೆ, ಗೊರಗೊರ ನಿಲ್ಲುತ್ತದೆ, ತಲೆ ನಿಮ್ಮ ಕೈಯತ್ತ ಹೊರಳುತ್ತದೆ. ಬಾಲ ಪೂರ್ತಿಯಾಗಿ ಪಟಪಟ ಬಡಿಯತೊಡಗಿದರೆ ತಡವಾಯಿತು ಎಂದೇ ಲೆಕ್ಕ.

ಇವತ್ತಿನಿಂದ ಹೀಗೆ ಮಾಡಿ: ಮೂರು ಸೆಕೆಂಡ್ ಸವರಿ, ಕೈ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಇನ್ನೂ ಬೇಕಿದ್ದರೆ ಅದೇ ತಲೆಯನ್ನು ನಿಮ್ಮ ಕೈಗೆ ಒತ್ತುತ್ತದೆ. ಒತ್ತದಿದ್ದರೆ ಬಿಟ್ಟುಬಿಡಿ. ಗದ್ದದ ಕೆಳಗೆ, ಕೆನ್ನೆ, ಕಿವಿ ಮತ್ತು ಕಣ್ಣಿನ ನಡುವಿನ ಜಾಗ ಹೆಚ್ಚಿನ ಬೆಕ್ಕುಗಳಿಗೆ ಇಷ್ಟ. ಹೊಟ್ಟೆ ಮತ್ತು ಬಾಲದ ಬುಡ ಬೇಡ. ಅಂಗಾತ ಮಲಗಿ ಹೊಟ್ಟೆ ತೋರಿಸಿದರೆ ‘ನಿನ್ನ ಹತ್ತಿರ ಹೆದರಿಕೆಯಿಲ್ಲ’ ಎಂದರ್ಥ, ಮುಟ್ಟು ಎಂದಲ್ಲ. ಹಲ್ಲು ಊರಿದಾಗ ಕೈ ಕಿತ್ತುಕೊಳ್ಳಬೇಡಿ. ಓಡುವುದನ್ನು ಹಿಡಿಯುವುದು ಅದರ ಸ್ವಭಾವ, ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಅಲುಗಾಡದೆ ನಿಂತರೆ ತಾನೇ ಬಿಡುತ್ತದೆ. ವರ್ಷಗಟ್ಟಲೆ ಸವರಿಸಿಕೊಂಡ ಬೆಕ್ಕು ಹೊಸದಾಗಿ ಕಚ್ಚಲು ಶುರುಮಾಡಿದ್ದರೆ ಮಾತ್ರ ಹಲ್ಲು, ಕೀಲು, ಚರ್ಮವನ್ನು ಪಶುವೈದ್ಯರಿಗೆ ತೋರಿಸಿ.

ಗುಂಪಿನ ಇನ್ನೊಬ್ಬ ಸದಸ್ಯರು: ಮೂಗಿಗೆ ಮೆಲ್ಲಗೆ ಒಂದು ಏಟು ಕೊಡಿ, ಇಲ್ಲಾ ನೀರು ಸ್ಪ್ರೇ ಮಾಡಿ. ಎರಡೇ ದಿನದಲ್ಲಿ ಬಿಡುತ್ತದೆ.

ಪಶುವೈದ್ಯರು: ಬಿಡುವುದು ಎಚ್ಚರಿಕೆ ಕೊಡುವುದನ್ನು, ಕಚ್ಚುವುದನ್ನಲ್ಲ. ಬುಸ್ ಅಂದಿದ್ದಕ್ಕೆ ಏಟು ತಿಂದ ಬೆಕ್ಕು ಮುಂದಿನ ಸಲ ಬುಸ್ ಅನ್ನದೆ ನೇರವಾಗಿ ಬಾಯಿ ಹಾಕುತ್ತದೆ. ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ.

ಕಚ್ಚಿಸಿಕೊಂಡವರಿಗೂ ಒಂದು ಮಾತು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುತ್ತದೆ, ಮೇಲೆ ಸಣ್ಣ ಚುಕ್ಕೆ ಕಂಡರೂ ಒಳಗೆ ಕೀವಾಗಬಹುದು. ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬೇಡಿ. ಸಾಕಿದ ಬೆಕ್ಕೇ ಆದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ರೇಬೀಸ್ ಲಸಿಕೆ ಬೇಕೇ ಎಂಬುದನ್ನು ಅಲ್ಲಿನ ವೈದ್ಯರು ಹೇಳಲಿ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಬೆಕ್ಕು ದೂರದಲ್ಲಿ ಕೂತು ನನ್ನನ್ನೇ ನೋಡುತ್ತಾ ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯುತ್ತದೆ. ನಿದ್ದೆಯೇ?

ಪಶುವೈದ್ಯರು: ನಿದ್ದೆಯಲ್ಲ, ನೆಮ್ಮದಿ. ಬೆಕ್ಕುಗಳ ಲೋಕದಲ್ಲಿ ಎವೆಯಿಕ್ಕದೆ ದಿಟ್ಟಿಸುವುದು ಜಗಳಕ್ಕೆ ಕರೆದಂತೆ, ಕಣ್ಣು ಅರೆಮುಚ್ಚುವುದು ಅದಕ್ಕೆ ತದ್ವಿರುದ್ಧ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದ್ದಾರೆ: ಸಾಕಿದವರು ನಿಧಾನವಾಗಿ ಕಣ್ಣು ಮಿಟುಕಿಸಿದಾಗ ಬೆಕ್ಕುಗಳೂ ಹೆಚ್ಚಾಗಿ ಹಾಗೇ ಮಾಡಿದವು, ಅಪರಿಚಿತರು ಹಾಗೆ ಮಾಡಿ ಕೈ ಚಾಚಿದಾಗಲೂ ಹತ್ತಿರ ಬರುವ ಸಂಭವ ಹೆಚ್ಚಿತ್ತು. ನೀವೂ ಮಾಡಬಹುದು. ಒಂದೆರಡು ಮೀಟರ್ ದೂರ ಕೂತು, ನಗುವಾಗ ಕಿರಿದಾಗುವಂತೆ ಕಣ್ಣು ಕಿರಿದು ಮಾಡಿ, ಒಂದೆರಡು ಸೆಕೆಂಡ್ ಮುಚ್ಚಿ ತೆರೆಯಿರಿ. ಹೊಸದಾಗಿ ತಂದ ಅಂಜುಬುರುಕ ಬೆಕ್ಕಿಗೆ ಎತ್ತಿ ಮುದ್ದಿಸುವುದಕ್ಕಿಂತ ಇದು ಎಷ್ಟೋ ಮೇಲು. ಒಂದೇ ಕಣ್ಣು ಮುಚ್ಚಿದ್ದರೆ ಅಥವಾ ನೀರು ಸುರಿಯುತ್ತಿದ್ದರೆ ಅದು ಕಣ್ಣಿನ ತೊಂದರೆ, ಪ್ರೀತಿಯಲ್ಲ.

ಪ್ರಶ್ನೆ: ದಿನಾ ಬೆಳಗಿನ ಜಾವ ನಾಲ್ಕಕ್ಕೆ ಮುಖದ ಹತ್ತಿರ ಬಂದು ಗೊರಗೊರ ಶುರು. ಊಟ ಹಾಕುವವರೆಗೂ ಬಿಡುವುದಿಲ್ಲ.

ಪಶುವೈದ್ಯರು: ಸರಿಯಾಗಿ ಕೇಳಿಸಿಕೊಳ್ಳಿ, ಆ ಗೊರಗೊರದ ಒಳಗೆ ಒಂದು ಸಣ್ಣ ಅಳು ಇರುತ್ತದೆ. 2009ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕಿ ಕ್ಯಾರೆನ್ ಮೆಕೋಂಬ್ ಮತ್ತು ಸಂಗಡಿಗರು ಈ ಸದ್ದನ್ನು ಧ್ವನಿಮುದ್ರಿಸಿ ಜನರಿಗೆ ಕೇಳಿಸಿದಾಗ, ಬೆಕ್ಕು ಸಾಕದವರಿಗೂ ಅದು ಮಾಮೂಲಿ ಗೊರಗೊರಕ್ಕಿಂತ ಹೆಚ್ಚು ಒತ್ತಾಯದ್ದಾಗಿ ಕೇಳಿಸಿತು. ನಾಲ್ಕಕ್ಕೆ ಎದ್ದು ತಟ್ಟೆ ತುಂಬಿಸಿದ ನೀವೇ ಇದನ್ನು ಕಲಿಸಿದ್ದು! ಮಲಗುವ ಮುನ್ನ 10–15 ನಿಮಿಷ ದಾರದ ಆಟಿಕೆಯಿಂದ ಓಡಾಡಿಸಿ, ಆಟ ಮುಗಿದ ಕೂಡಲೇ ದಿನದ ಕೊನೆಯ ಊಟ ಹಾಕಿ, ದಾರ ಎತ್ತಿಡಿ (ನುಂಗಿದರೆ ಕರುಳಿಗೆ ಅಪಾಯ). ಬೆಳಿಗ್ಗೆ ಎದ್ದ ತಕ್ಷಣ ಹಾಕಬೇಡಿ. ಹಲ್ಲುಜ್ಜಿ, ಕಾಫಿ ಮುಗಿಸಿ ಹಾಕಿ. ಮೊದಲ ಕೆಲವು ದಿನ ಕೂಗು ಇನ್ನೂ ಜಾಸ್ತಿಯಾಗುತ್ತದೆ. ಆಗ ಸೋತು ಎದ್ದರೆ, ಇನ್ನಷ್ಟು ಹೊತ್ತು ಕೂಗಿದರೆ ಸಿಗುತ್ತದೆ ಎಂಬ ಪಾಠವಾಗುತ್ತದೆ.

ಪ್ರಶ್ನೆ: ಎಂಟು ತಿಂಗಳ ಹೆಣ್ಣುಬೆಕ್ಕು. ಮೂರು ದಿನದಿಂದ ನೆಲದ ಮೇಲೆ ಹೊರಳಾಟ, ಕಾಲಿಗೆ ಉಜ್ಜುವುದು, ರಾತ್ರಿಯಿಡೀ ಕೂಗು. ಬೆನ್ನು ಮುಟ್ಟಿದರೆ ಹಿಂಭಾಗ ಎತ್ತುತ್ತದೆ. ಸೊಂಟ ನೋವೇ?

ಪಶುವೈದ್ಯರು: ಬೆದೆಗೆ ಬಂದಿದೆ. ಸಾಮಾನ್ಯವಾಗಿ ಒಂದು ವಾರದಷ್ಟು ಇರುತ್ತದೆ, ಗರ್ಭ ನಿಲ್ಲದಿದ್ದರೆ ಎರಡು-ಮೂರು ವಾರಕ್ಕೆ ಮತ್ತೆ ಬರುತ್ತದೆ. ಬಾಗಿಲು, ಕಿಟಕಿ ಭದ್ರ ಮಾಡಿ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿ.

ಪ್ರಶ್ನೆ: ಸರ್, ನಮ್ಮ ಬೆಕ್ಕು ನಿನ್ನೆಯಿಂದ ಮಂಚದ ಕೆಳಗೇ ಕೂತಿದೆ. ಊಟ ಮುಟ್ಟಿಲ್ಲ. ಆದರೆ ಹತ್ತಿರ ಹೋದರೆ ಗೊರಗೊರ ಅನ್ನುತ್ತದೆ. ಹಾಗಾದರೆ ಚೆನ್ನಾಗಿಯೇ ಇದೆ ಅಲ್ಲವೇ?

ಪಶುವೈದ್ಯರು: ಅಲ್ಲ. ನೋವಿನಲ್ಲೂ ಭಯದಲ್ಲೂ ಬೆಕ್ಕು ಗೊರಗೊರ ಅನ್ನುತ್ತದೆ. ಸದ್ದು ಬಿಟ್ಟು ಮುಖ ನೋಡಿ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ನೋವಿನ ಮಾಪನದಲ್ಲಿ ಐದು ಅಂಶಗಳಿವೆ: ಕಿವಿ ಚಪ್ಪಟೆಯಾಗಿ ಹೊರಕ್ಕೆ ತಿರುಗಿದೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗಾಗಿದೆಯೇ, ತಲೆ ಭುಜಕ್ಕಿಂತ ಕೆಳಗಿದೆಯೇ. ಪ್ರತಿಯೊಂದಕ್ಕೂ 0ರಿಂದ 2 ಅಂಕ. ಒಟ್ಟು 10ಕ್ಕೆ 4 ಅಥವಾ ಹೆಚ್ಚು ಬಂದರೆ ನೋವಿಗೆ ಔಷಧಿ ಬೇಕಾಗಬಹುದು. ಗಂಡೋ ಹೆಣ್ಣೋ? ಮೂತ್ರ ಮಾಡಿದ್ದು ಯಾವಾಗ?

ಪ್ರಶ್ನೆ ಕೇಳಿದವರು: ಗಂಡು ಸರ್. ನಿನ್ನೆ ರಾತ್ರಿ ಮರಳಿನ ಟ್ರೇಗೆ ಏಳೆಂಟು ಸಲ ಹೋಗಿ ಕೂತು ತಿಣುಕಿತು. ಟ್ರೇ ಒಣಗಿಯೇ ಇದೆ. ಮಲಬದ್ಧತೆ ಇರಬೇಕು ಅಂದುಕೊಂಡೆವು.

ಪಶುವೈದ್ಯರು: ಮೂತ್ರ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ಗಂಡುಬೆಕ್ಕಿನ ಮೂತ್ರನಾಳ ತೀರಾ ಸಣ್ಣದು, ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ಬರುತ್ತದೆ. ನಾಳೆಗೆ ಬಿಡಬೇಡಿ, ಈಗಲೇ ಹೊರಡಿ. ಹೊಟ್ಟೆ ಒತ್ತಿ ನೋಡಬೇಡಿ. ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. ದಪ್ಪ ಟವೆಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿ. ಕತ್ತಲಲ್ಲಿ ಗಾಬರಿ ಕಡಿಮೆ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಕ್ಯಾತಿಟರ್ (ಮೂತ್ರ ಹೊರತೆಗೆಯುವ ಸಣ್ಣ ಕೊಳವೆ) ಹಾಕುವ ವ್ಯವಸ್ಥೆ ಇದೆಯೇ ಕೇಳಿಕೊಳ್ಳಿ, ಇಲ್ಲವಾದರೆ ಇರುವಲ್ಲಿಗೇ ನೇರವಾಗಿ ಹೋಗಿ.

ಪ್ರಶ್ನೆ ಕೇಳಿದವರು: ಹೊರಟೆವು ಸರ್.

ಪಶುವೈದ್ಯರು: ಕೊನೆಯ ಸಲ ಟ್ರೇ ಒದ್ದೆಯಾಗಿದ್ದು ಎಷ್ಟು ಗಂಟೆಗೆ ಎಂಬುದನ್ನು ದಾರಿಯಲ್ಲೇ ನೆನಪಿಸಿಕೊಳ್ಳಿ. ಅಲ್ಲಿನ ಡಾಕ್ಟರ್ ಮೊದಲು ಕೇಳುವುದು ಅದನ್ನೇ.