ಮಡಿಕೇರಿಯಲ್ಲಿ ಅಮ್ಮನನ್ನು ಬೆಳಗಿನ ತಿಂಡಿಗೆ ಕರೆದುಕೊಂಡು ಹೋಗಬೇಕು, ಅನುಭವ ಇದ್ದವರು ಹೇಳಿ

ವರ್ಗವಾಗಿ ಮಡಿಕೇರಿಗೆ ಬಂದು ಎರಡು ತಿಂಗಳಾಯಿತು. ನಮ್ಮ ಬೀದಿ ತಿರುವಿನಲ್ಲಿ ಆರೇ ಟೇಬಲ್ಲಿನ ಒಂದು ಚಿಕ್ಕ ಕೆಫೆ ಇದೆ. ಬೋರ್ಡಿನಲ್ಲಿ ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಎಂದೆಲ್ಲ ಬರೆದಿದ್ದಾರೆ. ಊರಿಂದ ಅಮ್ಮ ಬರುತ್ತಿದ್ದಾರೆ. ವಯಸ್ಸು 72. ಮಾಂಸ ತಿನ್ನಲ್ಲ, ಹಲ್ಲು ಗಟ್ಟಿಯಿಲ್ಲ. ಭಾನುವಾರ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಎಷ್ಟು ಹೊತ್ತಿಗೆ ಹೋಗಲಿ, ಏನು ತಗೊಳ್ಳಲಿ?

—

ಭಾನುವಾರ ಮಾತ್ರ ಬೇಡಮ್ಮ. ರಜೆ ದಿನ ರಾಜಾಸೀಟ್ ನೋಡಲು ಬಂದವರೆಲ್ಲ ತಿಂಡಿಗೆ ಇಳಿಯುತ್ತಾರೆ. ಆರು ಟೇಬಲ್ಲಿನ ಅಡುಗೆಮನೆ ಅದನ್ನು ತಾಳಿಕೊಳ್ಳಲ್ಲ. ಶುಕ್ರವಾರ ಸಂತೆ, ಅವತ್ತೂ ಗದ್ದಲ. ಮಂಗಳವಾರವೋ ಬುಧವಾರವೋ ಎಂಟು ಗಂಟೆಗೆ ಹೋಗಿ.

ನಾನು ಒಮ್ಮೆ ಅತ್ತೆಯನ್ನು ಭಾನುವಾರ ಹತ್ತೂವರೆಗೆ ಕರೆದುಕೊಂಡು ಹೋಗಿದ್ದೆ. ಎಲ್ಲಿ ಅಂತ ಹೆಸರು ಬೇಡ. ಕಡಂಬುಟ್ಟು ಅಂದರೆ ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿದ ಉಂಡೆ. ಬೆಳಿಗ್ಗೆ ಮಾಡಿಟ್ಟದ್ದನ್ನು ಓವನ್‌ನಲ್ಲಿ ಬಿಸಿ ಮಾಡಿ ತಂದರು. ಮೇಲೆ ಹಬೆ, ಮುರಿದರೆ ಒಳಗೆ ತಣ್ಣಗೆ, ರಬ್ಬರಿನ ಹಾಗೆ. ಅತ್ತೆ ಏನೂ ಅನ್ನಲಿಲ್ಲ. ಅರ್ಧ ಉಂಡೆಯನ್ನು ತಟ್ಟೆಯ ಅಂಚಿಗೆ ಸರಿಸಿ ನೀರು ಕುಡಿದರು. ಅದು ನನಗೆ ತುಂಬ ಬೇಜಾರಾಯಿತು.

ಆಮೇಲೆ ಅದೇ ಜಾಗಕ್ಕೆ ಒಂದು ಬುಧವಾರ ಬೇಗ ಹೋದೆವು. ಕೂತ ಜಾಗಕ್ಕೇ ಪಾತ್ರೆ ಮುಚ್ಚಳ ತೆಗೆದ ಸದ್ದು ಕೇಳಿಸಿತು, ಬೆಂದ ಅಕ್ಕಿ ತರಿಯ ವಾಸನೆ ಬಂತು. ಉಂಡೆ ಒತ್ತಿದರೆ ಬೆರಳ ಕೆಳಗೇ ಬಿಚ್ಚಿಕೊಳ್ಳುತ್ತಿತ್ತು. ಅಡುಗೆ ಮಾಡಿದ ಕೈ ಅದೇ, ಹೊತ್ತು ಮಾತ್ರ ಬೇರೆ. ಅದಕ್ಕೇ ಹೇಳುತ್ತಿದ್ದೇನೆ, ಕೂತ ಕೂಡಲೇ ಮೆನು ನೋಡಬೇಡಿ. "ಈಗ ಬಿಸಿಯಾಗಿ ಯಾವುದಿದೆ?" ಅಂತ ಕೇಳಿ.

ನಿಮ್ಮ ಅಮ್ಮನಿಗೆ ಪಾಪುಟ್ಟು ಸರಿ. ಅಕ್ಕಿ ತರಿಗೆ ಹಾಲು, ಕಾಯಿತುರಿ ಹಾಕಿ ತಟ್ಟೆಯಲ್ಲಿ ಹಬೆಗಿಟ್ಟು ಬೇಯಿಸಿ, ತುಂಡು ಮಾಡಿ ಕೊಡುತ್ತಾರೆ. ಮೆತ್ತಗಿರುತ್ತೆ. ನೂಪುಟ್ಟು ಅಂದರೆ ಒತ್ತು ಶ್ಯಾವಿಗೆ, ಅದನ್ನೂ ಅಗಿಯುವ ಕಷ್ಟವಿಲ್ಲ. ಆದರೆ ಅದಕ್ಕೆ ಕೋಳಿ ಸಾರು ಹಾಕಿಕೊಂಡು ತಿನ್ನುವವರೇ ಜಾಸ್ತಿ. ತರಕಾರಿ ಸಾರು ಇದೆಯಾ, ಸೌಟು ಬೇರೆ ಇಟ್ಟಿದ್ದಾರಾ ಅಂತ ಮೊದಲೇ ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಲ್ಲ. ಈ ಮಳೆಯಲ್ಲಿ ಅಣಬೆ ಸಿಕ್ಕಿದ್ದರೆ ಕುಮ್ಮು ಕರಿ ಇರಬಹುದು, ಬಿಡಬೇಡಿ.

—

ನೀವು ಮಾಂಸ ತಿನ್ನುವವರಾದರೆ ಇನ್ನೊಂದು ದಿನ ಒಬ್ಬರೇ ಹೋಗಿ ಕಡಂಬುಟ್ಟು, ಪಂದಿ ಕರಿ (ಹಂದಿ ಮಾಂಸದ ಪಲ್ಯ) ತಿನ್ನಿ. ಕಚಂಪುಳಿ ಹಾಕಿದ್ದಾರಾ ಕೇಳಿ. ಪಣಪುಳಿ ಹಣ್ಣಿನ ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸಿದ ಹುಳಿ ಅದು. ಬಾಟಲಿ ವಿನೆಗರ್ ಹಾಕಿದರೆ ಆ ರುಚಿ ಬರಲ್ಲ.

—

ಕಾಫಿ ವಿಷಯ ಯಾರೂ ಹೇಳಲಿಲ್ಲವಲ್ಲ. ನಾನು ಸಿದ್ದಾಪುರ ಕಡೆಯ ಸಣ್ಣ ಬೆಳೆಗಾರ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ನಮ್ಮ ಜಿಲ್ಲೆಯದು. ಕೊಡಗಿನ ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗೂ ಬಂತು, ಅಂದರೆ ಈ ಊರಿನ ಬೆಳೆ ಅನ್ನುವ ಸರ್ಕಾರಿ ಗುರುತು. ಆದರೂ ಇಲ್ಲಿನ ಎಷ್ಟೋ ಕಪ್ಪುಗಳಲ್ಲಿ ಚಿಕೋರಿ ಕಹಿಯೇ ಮುಂದೆ. ಕಾಫಿ-ಚಿಕೋರಿ ಪುಡಿಯಲ್ಲಿ ಕಾಫಿ ಕನಿಷ್ಠ 51% ಇರಬೇಕು ಅಂತ ನಿಯಮ. ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಚಿಕೋರಿ ಇದ್ದರೂ ನಡೆಯುತ್ತೆ. ದಯವಿಟ್ಟು ಕೇಳಿ ಕುಡಿಯಿರಿ. ಚಳಿಯಲ್ಲಿ ಕೊಯ್ದು, ಕಣದಲ್ಲಿ ಹರವಿ, ದಿನಾ ಮಗುಚಿ ಒಣಗಿಸಿದ ಬೀಜ ಅದು. ಅದರ ರುಚಿ ಕಪ್ಪಿನ ತನಕ ಬರಬೇಕು ಅಂತ ನಮ್ಮ ಆಸೆ.

ಅಮ್ಮನಿಗೆ ಬೆಲ್ಲದ ಕಾಪಿ ಕೇಳಿ ನೋಡಿ. ಹಾಲು ಹಾಕದ ಕರಿ ಕಾಪಿ. ಇಲ್ಲಿನ ಮನೆಗಳಲ್ಲಿ ಹಳೆಯ ಅಭ್ಯಾಸ. ಮೆನುವಿನಲ್ಲಿ ಇಲ್ಲದಿದ್ದರೂ ಕೇಳಿದರೆ ಮಾಡಿಕೊಡುವವರಿದ್ದಾರೆ.

—

ಮೆಟ್ಟಿಲು ಎಷ್ಟಿದೆ, ಪಾಚಿ ಕಟ್ಟಿದೆಯಾ ಅಂತ ನೀವು ಮೊದಲು ನೋಡಿ ಬನ್ನಿ. ನಮ್ಮಮ್ಮ ಮಳೆಗಾಲದಲ್ಲಿ ಹೀಗೇ ಒಂದು ಕಡೆ ಜಾರಿ ಕೈ ಮುರಿದುಕೊಂಡರು. ಬಾಗಿಲ ಹತ್ತಿರದ ಟೇಬಲ್ ಬೇಡ, ಗಾಳಿ ಹೊಡೆಯುತ್ತೆ.

—

ಎಲ್ಲರಿಗೂ ಥ್ಯಾಂಕ್ಸ್. ಬುಧವಾರ ಎಂಟು ಗಂಟೆಗೆ ಹೋಗಿ ಬಂದೆವು. ನಾಲ್ಕೇ ಮೆಟ್ಟಿಲು, ಕೈ ಹಿಡಿದುಕೊಂಡು ಹತ್ತಿಸಿದೆ. ಬಿಸಿ ಏನಿದೆ ಅಂದಾಗ ಅಡುಗೆ ಮಾಡುವ ಅಕ್ಕನೇ ಹೊರಗೆ ಬಂದು, ಪಾಪುಟ್ಟು ಇನ್ನು ಹತ್ತು ನಿಮಿಷ, ಕಾಯ್ತೀರಾ ಅಂದರು. ಕಾದೆವು. ಅಮ್ಮ ಮೊದಲ ತುಂಡನ್ನು ಬರೀ ಹಾಗೇ ತಿಂದರು, ಎರಡನೆಯದಕ್ಕೆ ಜೇನುತುಪ್ಪ ಕೇಳಿದರು. ಬೆಲ್ಲದ ಕಾಪಿ ಮೆನುವಿನಲ್ಲಿ ಇರಲಿಲ್ಲ, ಆದರೂ ಮಾಡಿಕೊಟ್ಟರು. ಅಮ್ಮ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮಳೆ ನೋಡುತ್ತಾ ಕುಡಿದರು.

ಹೊರಡುವಾಗ ಆ ಅಕ್ಕ ಬಿಲ್ಲಿನ ಹಿಂದೆ ಪಾಪುಟ್ಟಿನ ಅಳತೆ ಬರೆದುಕೊಟ್ಟಿದ್ದಾರೆ. ಈ ಶುಕ್ರವಾರ ಅಮ್ಮನನ್ನೂ ಸಂತೆಗೆ ಕರೆದುಕೊಂಡು ಹೋಗಬೇಕಂತೆ. ಒಳ್ಳೆಯ ಅಕ್ಕಿ ತರಿ ಯಾವ ಕಡೆ ಸಿಗುತ್ತೆ, ಗೊತ್ತಿದ್ದವರು ಹೇಳಿ.